ಲೈಟ್ ರೂಮಿನ ದೊಡ್ಡ ಸಿಸ್ಟರ್

ಅವರ ಎಡಗೈಯ ಒಳಭಾಗದಲ್ಲಿ, ಮಣಿಕಟ್ಟಿನಿಂದ ಮೊಣಕೈವರೆಗೆ, ಅಂಚೆಚೀಟಿಯಷ್ಟಗಲದ ಆರು ಚೌಕಗಳಿದ್ದವು. ಮೊದಲನೆಯದು ಇದೆಯೋ ಇಲ್ಲವೋ ಎನ್ನುವಂಥ ತಿಳಿಗಂದು, ಕೊನೆಯದು ಕಾಕಂಬಿಯ ಬಣ್ಣ. ನೋಡಿದವರು ಹಚ್ಚೆಯೆಂದುಕೊಳ್ಳುತ್ತಿದ್ದರು. ಲೈಟ್ ಪೆಟ್ಟಿಗೆಗೆ ಹೊಸ ಟ್ಯೂಬು ಹಾಕಿದಾಗಲೆಲ್ಲ ಅವರು ಆರು ಕಿಂಡಿ ಕತ್ತರಿಸಿದ ರಟ್ಟೊಂದನ್ನು ಆ ಕೈಗೆ ಕಟ್ಟಿಕೊಂಡು ಬೆಳಕಿಗೆ ಒಡ್ಡುತ್ತಿದ್ದರು. ಒಂದೊಂದು ಕಿಂಡಿಯನ್ನು ಒಂದೊಂದು ಹೊತ್ತಿಗೆ ಮುಚ್ಚುವುದು; ಮರುದಿನ ಯಾವ ಚೌಕ ಕೆಂಪಾಗಿದೆ ಎಂದು ನೋಡಿ, ಮೀಟರು ಹೇಳಿದ್ದನ್ನೂ ತೊಗಲು ಹೇಳಿದ್ದನ್ನೂ ತಾಳೆ ಹಾಕುವುದು. ಹಾಗೆಲ್ಲ ಮಾಡಬೇಡಿ ಎಂದು ಡಾಕ್ಟರಮ್ಮ ಎಷ್ಟೋ ಸಲ ಹೇಳಿದ್ದರು. ಹೇಳಿದ್ದನ್ನು ಕೇಳುವ ಹೆಂಗಸಾಗಿರಲಿಲ್ಲ ಅವರು.

ನಾನು ಅವರನ್ನು ಇಷ್ಟಪಟ್ಟವಳಲ್ಲ. ಇಲ್ಲಿ 'ಅವರು' ಎಂದು ಬರೆಯುತ್ತಿದ್ದೇನೆ. ಆಗ ಮನಸ್ಸಿನಲ್ಲಿ 'ಅಕಿ' ಎಂದೇ ಅನ್ನುತ್ತಿದ್ದೆ. ಅವರೂ ನನ್ನನ್ನು ಇಷ್ಟಪಡಲಿಲ್ಲ. ಎರಡು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು, ಒಂದು ದಿನವೂ ಕೂಡಿ ಊಟ ಮಾಡಲಿಲ್ಲ.

ನಾರಾಯಣಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಡಾಕ್ಟರಮ್ಮನ ಚರ್ಮದ ದವಾಖಾನೆ. ಮೇಲಿನ ಮಹಡಿಯ ಕೊನೆಯ ಕೋಣೆಯೇ ಲೈಟ್ ರೂಮು. ಅಲ್ಲಿ ಆಳೆತ್ತರದ ತಗಡಿನ ಪೆಟ್ಟಿಗೆ, ಅದರ ಒಳಗೋಡೆಗಳ ತುಂಬ ಉದ್ದನೆಯ ಟ್ಯೂಬುಗಳು. ಮೈಮೇಲೆ ಬಿಳಿ ಮಚ್ಚೆಯಾದವರು, ಚರ್ಮ ಪದರು ಪದರಾಗಿ ಉದುರುವವರು ಕಪ್ಪು ಕನ್ನಡಕ ಹಾಕಿಕೊಂಡು ಅದರೊಳಗೆ ನಿಲ್ಲುತ್ತಾರೆ. ಕಣ್ಣಿಗೆ ಕಾಣುವುದು ನೀಲಿ ಬಣ್ಣ ಮಾತ್ರ. ಕೆಲಸ ಮಾಡುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅದು ಎಷ್ಟು ಜೋರಾಗಿದೆ ಎಂದು ಹೇಳುವುದು ಮೀಟರೊಂದೇ. ಅಂಕಿ ಹೆಚ್ಚು ಬಂದರೆ ರೋಗಿಯನ್ನು ಕಡಿಮೆ ಹೊತ್ತು ನಿಲ್ಲಿಸಬೇಕು, ಕಡಿಮೆ ಬಂದರೆ ಹೆಚ್ಚು ಹೊತ್ತು. ಲೆಕ್ಕ ಇಷ್ಟೇ. ತಪ್ಪಿದರೆ ಮೈ ಸುಡುತ್ತದೆ.

ದೊಡ್ಡ ಸಿಸ್ಟರ್ ಮಕ್ತಲ್‌ನವರು. ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಹಣೆಗೆ ವಿಭೂತಿ, ಬಿಗಿಯಾಗಿ ಕಟ್ಟಿದ ತುರುಬು, ಸೊಂಟದಲ್ಲಿ ಲೈಟ್ ರೂಮಿನ ಚಾವಿ. ನಾನು ಸೇರಿದ ದಿನ ನನ್ನನ್ನು ಕೋಣೆಯ ಹೊಸ್ತಿಲ ಹೊರಗೇ ನಿಲ್ಲಿಸಿ ಕೇಳಿದರು.

"ಎಲ್ಲಿಯಾಕಿ?"

"ಕೃಷ್ಣಾದಾಕಿರಿ. ರಾಯಚೂರಾಗ ಲ್ಯಾಬಿನ ಡಿಪ್ಲೊಮಾ ಮಾಡೀನಿ."

"ಡಿಪ್ಲೊಮಾದಾಗ ಈ ಲೈಟಿನ ಅಳತಿ ತಗಿಯಾಕ ಕಲಿಸ್ಯಾರೇನು?"

"ಇಲ್ರಿ. ಆದ್ರ ಮೀಟರ್ ಅಂದ ಮ್ಯಾಲ ಅದ ಅಂಕಿ ತೋರಸ್ತೈತಲ್ರಿ. ಓದಿದ್ರ ಆತು."

ಅವರು ನಗಲಿಲ್ಲ, ಬೈಯಲೂ ಇಲ್ಲ. "ಓದಿದ್ರ ಆತು," ಎಂದು ನನ್ನ ಮಾತನ್ನೇ ಮೆಲ್ಲಗೆ ಒಮ್ಮೆ ಹೇಳಿಕೊಂಡರು. ಅಂದಿನಿಂದ ನನಗೆ ಹೆಸರು ಇಲ್ಲವಾಯಿತು. ರೋಗಿಗಳೆದುರಿಗೂ ಕರೆಯುತ್ತಿದ್ದುದು "ಏ ಡಿಪ್ಲೊಮಾ" ಎಂದೇ.

ದಿನಾ ಬೆಳಿಗ್ಗೆ ಮೊದಲ ಕೆಲಸ ಅಳತೆ. ಟ್ಯೂಬು ಹೊತ್ತಿಸಿ ಐದು ನಿಮಿಷ ಸುಮ್ಮನೆ ಕೂರಬೇಕು. ಬೆಳಕು ಕಾದು ನೆಲೆಗೆ ನಿಲ್ಲುವ ತನಕ ಮೀಟರಿಗೆ ಕೈ ಹಚ್ಚುವಂತಿಲ್ಲ. ಆಮೇಲೆ ಮೀಟರಿನ ಕಣ್ಣಿಗೆ ಮುಚ್ಚಳ ಹಾಕಿ, ಅಂಕಿ ಸೊನ್ನೆಗೆ ಬರುತ್ತದೆಯೇ ಎಂದು ನೋಡಬೇಕು. ಮುಚ್ಚಳ ತೆಗೆದು ಕಣ್ಣನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬೇಕು. ಕೈಯಲ್ಲಿ ಹಿಡಿದು ಓದಬಾರದು, ಸ್ಟ್ಯಾಂಡಿಗೆ ಸಿಕ್ಕಿಸಬೇಕು. ಕಣ್ಣು ಟ್ಯೂಬಿಗೆ ನೇರ ಎದುರಾಗಿರಬೇಕು; ಸ್ವಲ್ಪ ಓರೆಯಾದರೂ ಅಂಕಿ ಇಳಿಯುತ್ತದೆ. ರೋಗಿ ನಿಲ್ಲುವ ಜಾಗದಲ್ಲೇ, ಎದೆಯ ಮಟ್ಟದಲ್ಲಿ, ನಡುವಿನ ಮಟ್ಟದಲ್ಲಿ, ಮೊಣಕಾಲ ಮಟ್ಟದಲ್ಲಿ, ನಾಲ್ಕೂ ದಿಕ್ಕಿಗೆ, ಮೂರು ಮೂರು ಸಲ. ಇಷ್ಟಾಗಿ ಅಂಕಿಗಳು ಒಂದಕ್ಕೊಂದು ಹತ್ತಿರ ಬಂದರೆ ಪುಸ್ತಕಕ್ಕೆ ಏರುತ್ತಿದ್ದವು.

ನಾನು ಮೊದಲ ದಿನ ತೆಗೆದ ಅಳತೆಯ ಮುಂದೆ ಅವರು ಕೆಂಪು ಪೆನ್ಸಿಲಿನಿಂದ 'ತಪ್ಪು' ಎಂದು ಬರೆದರು. ಎರಡನೆಯ ದಿನವೂ ಬರೆದರು. ಒಂಬತ್ತು ದಿನ ಬರೆದರು. ಯಾಕೆ ತಪ್ಪು ಎಂದು ಹೇಳುತ್ತಿರಲಿಲ್ಲ. ಹತ್ತನೆಯ ದಿನ ನಾನು ಕೇಳಿಯೇಬಿಟ್ಟೆ.

"ನೀ ಪೆಟಗಿ ಮುಂದ ನಿಂತು ಅರ್ಧ ಬೆಳಕು ನೀನ ನುಂಗಾಕತ್ತಿ," ಅಂದರು. "ಒಂಬತ್ತು ದಿನ ನಿನ್ನ ನೆಳ್ಳು ಅಳದೀದಿ, ಲೈಟ್ ಅಳದಿಲ್ಲ."

ಮೊದಲ ದಿನವೇ ಹೇಳಬಹುದಿತ್ತಲ್ಲ ಎಂದೆ.

"ಹೇಳಿದ್ರ ಹತ್ತು ನಿಮಿಷ ನೆನಪಿರ್ತಿತ್ತು."

ಇನ್ನೊಂದು ದಿನ ಕೆಳಗಿನ ಬಂಡಿಯಲ್ಲಿ ಮಿರ್ಚಿ ತಿಂದು ಬಂದು, ಕೈ ತೊಳೆದಿದ್ದರೂ, ಮೀಟರಿನ ಕಣ್ಣಿಗೆ ಬೆರಳು ತಾಗಿಸಿದೆ. ಅವರು ನನ್ನ ಮಣಿಕಟ್ಟು ಹಿಡಿದು ಬೆರಳಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉರಿ ಬರುವಷ್ಟು ಉಜ್ಜಿದರು. ಬಾಗಿಲಲ್ಲಿ ಮೂವರು ರೋಗಿಗಳು ನೋಡುತ್ತಿದ್ದರು. "ಬೆರಳಾಗಿನ ಎಣ್ಣಿ ನಿನಗ ಕಾಣಂಗಿಲ್ಲ. ಈ ಬೆಳಕು ಅದನ್ನ ದಾಟಂಗಿಲ್ಲ," ಅಂದರು. ನನಗೆ ಕಣ್ಣೀರು ಬಂತು, ಸ್ಪಿರಿಟ್ಟಿನ ಉರಿಗಲ್ಲ.

ಒಂದು ಬೆಳಿಗ್ಗೆ ನನ್ನ ಅಂಕಿ ಹಿಂದಿನ ದಿನದ ಅವರ ಅಂಕಿಗೆ ಸರಿಯಾಗಿ ಕೂಡಿತು. ಹಿಗ್ಗಿನಿಂದ ಪುಸ್ತಕಕ್ಕೆ ಬರೆಯಲು ಹೋದೆ. ಅವರು ಪುಸ್ತಕ ಮುಚ್ಚಿದರು.

"ಇನ್ನೊಮ್ಮಿ ತಗಿ."

"ಬರೋಬರಿ ಬಂದೈತಲ್ರಿ."

"ಅದಕ್ಕ ಅಂದೆ. ಬ್ಯಾಡಾದ ಅಂಕಿ ಬಂದ್ರ ಎಂಥಾಕಿನೂ ಇನ್ನೊಮ್ಮಿ ನೋಡ್ತಾಳ. ಬೇಕಾದ ಅಂಕಿ ಬಂದಾಗ ನೋಡಾಕಿ ಈ ರೂಮಿಗೆ ಬೇಕು."

ಇವತ್ತು ಬರೆಯುವಾಗ ಒಳ್ಳೆಯ ಮಾತೆನಿಸುತ್ತದೆ. ಅವತ್ತು ಅನಿಸಿದ್ದು, ಈ ಹೆಂಗಸಿಗೆ ನನ್ನ ಸಂತೋಷ ಕಂಡರಾಗದು ಎಂದಷ್ಟೆ. ಎರಡೂ ನಿಜವಿರಬಹುದು.

ನಾನು ಸುಮ್ಮನಿರಲಿಲ್ಲ. ವಾರಕ್ಕೊಮ್ಮೆ ಡಾಕ್ಟರಮ್ಮನ ಕೋಣೆಗೆ ಹೋಗಿ ಚಾಡಿ ಹೇಳುತ್ತಿದ್ದೆ. ಇವತ್ತು ಯಾರಿಗೆ ಗದರಿದರು, ಯಾರನ್ನು ವಾಪಸ್ಸು ಕಳಿಸಿದರು. ಇಲ್ಲೇ ಹತ್ತಿರದ ಮದ್ದೂರಿನ ಮೇಷ್ಟ್ರೊಬ್ಬರು ಮೈಗೆ ಎಣ್ಣೆ ಹಚ್ಚಿಕೊಂಡು ಬಂದದ್ದಕ್ಕೆ ಅವರನ್ನು ಪೆಟ್ಟಿಗೆಯ ಬಾಗಿಲಿನಿಂದಲೇ ಹೊರಡಿಸಿದ್ದರು, ಅದನ್ನೂ ಹೇಳಿದೆ. ಡಾಕ್ಟರಮ್ಮ ಕೇಳಿ ನಿಟ್ಟುಸಿರು ಬಿಡುತ್ತಿದ್ದರು. "ಅವರಿಲ್ಲದೆ ಆ ರೂಮ್ ನಡೆಯಲ್ಲಮ್ಮ," ಅನ್ನುತ್ತಿದ್ದರು. ಆ ಮಾತು ನನ್ನನ್ನು ಇನ್ನಷ್ಟು ಸುಡುತ್ತಿತ್ತು.

ವರ್ಷಕ್ಕೊಮ್ಮೆ ಮೀಟರನ್ನು ಹೈದರಾಬಾದಿಗೆ ಕಳಿಸಬೇಕು. ಅಲ್ಲಿ ಅದನ್ನು ಖಚಿತವಾದ ಇನ್ನೊಂದು ಮೀಟರಿನ ಜೊತೆ ಹೋಲಿಸಿ, ಸರಿಮಾಡಿ ಕಳಿಸುತ್ತಾರೆ. ಅದು ಬರುವವರೆಗೆ ದೊಡ್ಡ ಸಿಸ್ಟರ್ ರೂಮಿಗೆ ಬೀಗ ಹಾಕುತ್ತಿದ್ದರು. ಆ ವರ್ಷ ಮೀಟರು ಹೋದ ವಾರದಲ್ಲೇ ಹಳೆಯ ಟ್ಯೂಬುಗಳು ಸತ್ತವು, ಹೊಸವನ್ನು ಹಾಕಿಸಿದ್ದಾಯಿತು. ಮೀಟರು ಬರಲಿಲ್ಲ. ಒಂದು ವಾರ ಎರಡಾಯಿತು. ಗದ್ವಾಲಿನಿಂದ, ಕೃಷ್ಣಾದಿಂದ ಬಂದವರು ಬೀಗ ನೋಡಿ ಹಿಂದಿರುಗುತ್ತಿದ್ದರು. ಕೆಲವರು ಮೆಟ್ಟಿಲ ಮೇಲೆ ಕೂತು ಬೈಯುತ್ತಿದ್ದರು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದರು. ಮೇಜಿನ ಮೇಲೆ ಆನ್‌ಲೈನಿನಲ್ಲಿ ತರಿಸಿದ ಹೊಸದೊಂದು ಮೀಟರು, ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು. ದೊಡ್ಡ ಸಿಸ್ಟರ್ ಅದನ್ನು ತಿರುವಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು.

"ಇದು ನಮ್ಮ ಲೈಟಿಂದಲ್ರಿ. ನೀರಿನ ಪ್ಲಾಂಟಿನ್ಯಾಗ ಹುಳ ಕೊಲ್ಲಾಕ ಹಾಕ್ತಾರಲ್ಲ, ಆ ಟ್ಯೂಬು ನೋಡೋದು."

"ಅದೂ ಯುವಿ, ಇದೂ ಯುವಿ, ಸಿಸ್ಟರ್."

"ಬಂಗಾರ ತೂಗೋ ತಕ್ಕಡಿನೂ ತಕ್ಕಡೀನ್ರಿ. ಅದರಾಗ ಹತ್ತಿ ತೂಗ್ತಾರೇನು?"

ಡಾಕ್ಟರಮ್ಮನ ಮುಖ ಕೆಂಪಾಯಿತು. ನನ್ನ ಕಡೆ ತಿರುಗಿದರು. "ನೀನು ಮಾಡ್ತೀಯೇನಮ್ಮ?"

"ಮಾಡ್ತೀನ್ರಿ," ಎಂದೆ.

ರೋಗಿಗಳ ಮೇಲಿನ ಮರುಕದಿಂದ ಹೇಳಿದ ಮಾತಲ್ಲ ಅದು. ಆ ಹೆಂಗಸಿನ ಸೊಂಟದಿಂದ ಚಾವಿ ಇಳಿಯುವುದನ್ನು ನೋಡಬೇಕಿತ್ತು ನನಗೆ. ಇಳಿಯಿತು. ಅದನ್ನು ಮೇಜಿನ ಮೇಲೆ ಇಟ್ಟರು, ನನ್ನ ಕೈಗೆ ಕೊಡಲಿಲ್ಲ. ನಾಲ್ಕು ದಿನ ರಜೆ ಎಂದು ಹೇಳಿ ಮಕ್ತಲ್‌ಗೆ ಹೊರಟುಹೋದರು.

ಮರುದಿನ ಮೊದಲು ಬಂದವಳು ಗದ್ವಾಲಿನ ನೇಕಾರ ಹೆಂಗಸು. ಎರಡೂ ಕೈಯ ಮೇಲೆ ಬಿಳಿ ಮಚ್ಚೆ; ಉಳಿದ ಮೈ ಮುಚ್ಚಿಕೊಂಡು ಕೈ ಮಾತ್ರ ಬೆಳಕಿಗೆ ಒಡ್ಡುತ್ತಿದ್ದಳು. ತಿಂಗಳುಗಟ್ಟಲೆ ಬಂದುದರ ಫಲವಾಗಿ ಆ ಬಿಳಿಯ ನಡುವೆ ಸಾಸಿವೆಯಷ್ಟು ಸಣ್ಣ ಕಂದು ಚುಕ್ಕೆಗಳು ಮೂಡತೊಡಗಿದ್ದವು. ಬಂದಾಗಲೆಲ್ಲ ಅವುಗಳನ್ನು ಎಣಿಸಿ ತೋರಿಸುತ್ತಿದ್ದಳು. ಹೊರಗೆ ಜನ ಕಾಯುತ್ತಿದ್ದರು. ನಾನು ಟ್ಯೂಬು ಹೊತ್ತಿಸಿ ಐದು ನಿಮಿಷ ಕಾಯಲಿಲ್ಲ. ಹೊಸ ಮೀಟರಿಗೆ ಸ್ಟ್ಯಾಂಡಿರಲಿಲ್ಲ, ಕೈಯಲ್ಲೇ ಹಿಡಿದೆ. ಅಂಕಿ ಎರಡು ತೋರಿಸಿತು. ಹಳೆಯ ಟ್ಯೂಬು ನಾಲ್ಕು ಕೊಡುತ್ತಿತ್ತು. ಹೊಸ ಟ್ಯೂಬು ಹಳೆಯದಕ್ಕಿಂತ ಕಡಿಮೆ ಕೊಡುವುದುಂಟೇ ಎಂಬ ಸಂಶಯ ಒಂದು ಕ್ಷಣ ಬಂತು. ಅದನ್ನು ಒಪ್ಪಿಕೊಂಡರೆ ರೂಮಿಗೆ ಬೀಗ ಹಾಕಬೇಕಾಗುತ್ತಿತ್ತು, ಅವರು ಹೇಳಿದ್ದೇ ಸರಿಯಾಗುತ್ತಿತ್ತು. ಬೆಳಕು ಅರ್ಧವಾದರೆ ಹೊತ್ತು ಎರಡು ಪಟ್ಟು ಎಂದು ಲೆಕ್ಕ ಹಾಕಿ, ಎರಡು ನಿಮಿಷ ನಿಲ್ಲುತ್ತಿದ್ದವಳನ್ನು ನಾಲ್ಕು ನಿಮಿಷ ನಿಲ್ಲಿಸಿದೆ.

ಈ ಬೆಳಕು ಆ ಕ್ಷಣಕ್ಕೆ ಸುಡುವುದಿಲ್ಲ. ಅವಳು ನಗುತ್ತಲೇ ಇಳಿದು ಹೋದಳು.

ಮರುದಿನ ಬೆಳಿಗ್ಗೆ ತಾಯಿಯ ಜೊತೆ ಬಂದಳು. ಮೊಣಕೈಯಿಂದ ಬೆರಳವರೆಗೆ ಎರಡೂ ಕೈ ಕೆಂಡದಂತೆ ಕೆಂಪಾಗಿ, ಬಿಳಿ ಮಚ್ಚೆ ಇದ್ದಲ್ಲೆಲ್ಲ ನೀರ್ಗುಳ್ಳೆ ಎದ್ದಿದ್ದವು. ಆ ದಿನ ಲೈಟಿಗೆ ನಿಂತಿದ್ದ ಇನ್ನಿಬ್ಬರು ಹೊಸಬರು. ಅವರಿಗೆ ಕೊಡುತ್ತಿದ್ದುದೇ ಸ್ವಲ್ಪ ಹೊತ್ತು, ಮೈ ಕೆಂಪಾಗಿ ಅಷ್ಟಕ್ಕೇ ಉಳಿದುಕೊಂಡರು. ಡಾಕ್ಟರಮ್ಮ ಮುಲಾಮು ಹಚ್ಚಿ ಪಟ್ಟಿ ಕಟ್ಟುತ್ತ, "ನಿನ್ನೆ ಬಿಸಿಲಿಗೆ ಹೋಗಿದ್ದೆಯಾ?" ಎಂದು ಕೇಳಿದರು. ಅವಳು ಯೋಚಿಸಿ, "ಬಸ್ ಸ್ಟ್ಯಾಂಡಿನ್ಯಾಗ ಜರಾ ಹೊತ್ತು ನಿಂತಿದ್ದೆರಿ," ಎಂದಳು. "ಅದೇ ಇರಬೇಕು," ಎಂದರು ಡಾಕ್ಟರಮ್ಮ. ನಾನು ಹತ್ತಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ತಾಯಿ ಅಲ್ಲೇ ಮಗಳಿಗೆ ಬೈಯತೊಡಗಿದಳು, ನೆರಳಲ್ಲಿ ನಿಲ್ಲುವಷ್ಟು ಬುದ್ಧಿ ಇರಲಿಲ್ಲವೇ ಎಂದು. ಮಗಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ದೊಡ್ಡ ಸಿಸ್ಟರ್ ಬರುವವರೆಗೆ ನಾನು ಏನೋ ನೆಪ ಹೇಳಿ ರೂಮು ತೆರೆಯಲಿಲ್ಲ.

ದೊಡ್ಡ ಸಿಸ್ಟರ್ ರಜೆ ಮುಗಿಸಿ ಬಂದ ದಿನವೇ ಹೈದರಾಬಾದಿನಿಂದ ಹಳೆಯ ಮೀಟರೂ ಬಂತು. ಸುಟ್ಟ ಕೈಯ ಸುದ್ದಿ ಕೆಳಗೇ ಕಿವಿಗೆ ಬಿದ್ದಿತ್ತು; ಅವರು ನೇರ ಮೇಲೆ ಬಂದು ಅಳತೆ ತೆಗೆದರು. ಆರು. ಮತ್ತೆ ತೆಗೆದರು. ಆರು. ಒಂದು ನಿಮಿಷ ಇಪ್ಪತ್ತು ಸೆಕೆಂಡು ನಿಲ್ಲಿಸಬೇಕಾದವಳನ್ನು ನಾನು ನಾಲ್ಕು ನಿಮಿಷ ನಿಲ್ಲಿಸಿದ್ದೆ. ಪುಸ್ತಕದಲ್ಲಿ ನನ್ನ ಬರಹವಿತ್ತು. ಅದರ ಮುಂದೆ ಅವರು ಏನೂ ಬರೆಯಲಿಲ್ಲ. ಕೆಂಪು ಪೆನ್ಸಿಲು ಎತ್ತಿಕೊಳ್ಳಲೇ ಇಲ್ಲ.

"ನಾಳಿ ಗದ್ವಾಲಕ್ಕ ಹೋಗೂಣು. ಅಕಿ ಮನ್ಯಾಗ ನೀ ಹೇಳಬೇಕು."

"ಡಾಕ್ಟರಮ್ಮ ಹೇಳ್ಯಾರಲ್ರಿ, ಬಿಸಲಿಗೆ ಆಗೈತಂತ."

"ಅಕಿ ಅದನ್ನ ನಂಬಿ ತನ್ನ ಮ್ಯಾಲ ತಪ್ಪು ಹೊತಗೊಂಡು ಕೂತಾಳ. ಆ ತಪ್ಪು ಅಕೀದಲ್ಲ. ನಿಂದು. ನಿಂದು ನೀ ಇಸ್ಕೊಂಡು ಬಾ."

ಒಲ್ಲೆ ಎಂದೆ. ಹಾಗಾದರೆ ತಾನೇ ಹೋಗಿ ಪುಸ್ತಕ ತೋರಿಸುತ್ತೇನೆ ಎಂದರು. ಆ ಮನೆಯವರು ಅದನ್ನು ಅವರ ಬಾಯಿಂದ ಕೇಳಿಸಿಕೊಂಡರೆ ಇನ್ನೂ ಕೆಟ್ಟದಾಗುತ್ತದೆ ಎಂಬ ಭಯಕ್ಕೆ ಹೊರಟೆ.

ಅವರು ಮಕ್ತಲ್‌ನಲ್ಲಿ ಬಸ್ಸು ಹತ್ತಿ, ಜೂರಾಲ ಅಣೆಕಟ್ಟಿನ ಮೇಲೆ ಹಾದು ಗದ್ವಾಲು ಸೇರುವವರೆಗೆ ಮುಂದಿನ ಸೀಟಿನಲ್ಲಿ ಕೂತಿದ್ದರು. ಅವರ ತುರುಬನ್ನೇ ನೋಡುತ್ತ ನಾನು ಮನಸ್ಸಿನಲ್ಲಿ ಬೈಯುತ್ತಿದ್ದೆ.

ಮನೆಯ ಮೊದಲ ಅಂಕಣದಲ್ಲೇ ಮಗ್ಗ. ಅರ್ಧ ನೇಯ್ದ ಸೀರೆಯ ಮೇಲೆ ಹಳೆಯ ಬಟ್ಟೆ ಮುಚ್ಚಿದ್ದರು. ಅವಳು ಗೋಡೆಗೆ ಒರಗಿ, ಎರಡೂ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ತಾಯಿ ಬಾಯಿಗೆ ತುತ್ತು ಇಡುತ್ತಿದ್ದಳು. ನಮ್ಮನ್ನು ಕಂಡು ಚಾಪೆ ಹಾಸಿದಳು.

ನಾನು ಶುರುಮಾಡಿದೆ. "ನಮ್ಮ ಕಡಿಯಿಂದ ಒಂದು ಸಣ್ಣ ತಪ್ಪಾಗೈತ್ರಿ..."

"ನಮ್ಮ ಅಲ್ಲ," ಎಂದರು ದೊಡ್ಡ ಸಿಸ್ಟರ್. "ಸಣ್ಣದೂ ಅಲ್ಲ. ಮೊದಲಿಂದ ಹೇಳು."

ಮತ್ತೆ ಹೇಳಿದೆ. ಮೀಟರು ತಪ್ಪು ತೋರಿಸಿತು ಎಂದೆ.

"ಮೀಟರ್ ತನ್ನ ಕೆಲಸ ತಾ ಮಾಡೈತಿ. ಮೊದಲಿಂದ ಹೇಳು."

ಮೂರನೆಯ ಸಲ ಹೇಳಿದೆ. ಆ ಮೀಟರು ಈ ಬೆಳಕಿನದಲ್ಲ ಎಂದು ನನಗೆ ಗೊತ್ತಿತ್ತು. ಕಾಯಬೇಕಿತ್ತು, ಕಾಯಲಿಲ್ಲ. ಸಂಶಯ ಬಂತು, ನುಂಗಿಕೊಂಡೆ. ನಿಮ್ಮನ್ನು ಮೂರು ಪಟ್ಟು ಹೊತ್ತು ನಿಲ್ಲಿಸಿದೆ. ಅದರಿಂದ ಸುಟ್ಟಿತು.

ತಾಯಿ ತೆಲುಗಿನಲ್ಲಿ ಬೈದಳು. "ನೀ ಚೇತುಲು ಕಾಲಿತೇ ತೆಲುಸ್ತದಿ," ಎಂದಳು. ನಿನ್ನ ಕೈ ಸುಟ್ಟರೆ ಗೊತ್ತಾಗುತ್ತದೆ ಎಂದು. ಇನ್ನೂ ಬಹಳ ಅಂದಳು. ದೊಡ್ಡ ಸಿಸ್ಟರ್ ನನ್ನ ಪರವಾಗಿ ಬಾಯಿ ತೆರೆಯಲಿಲ್ಲ. ಬೈಗುಳ ಮುಗಿದ ಮೇಲೆ, "ರೂಮು ನಂದವಾ. ಸಿಟ್ಟಿಗೆದ್ದು ಚಾವಿ ಇಟ್ಟು ಹೋದಾಕಿ ನಾನು. ಅದು ನನ್ನ ತಪ್ಪು," ಎಂದಷ್ಟೇ ಹೇಳಿ ಕೈ ಮುಗಿದರು. ಅವರು ಕೈ ಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ಹೆಂಗಸು ನನ್ನನ್ನೇ ನೋಡುತ್ತಿದ್ದಳು. "ಹಂಗಾರ, ನಾ ಬಿಸಲಾಗ ನಿಂತದ್ದಕ್ಕ ಅಲ್ಲೇನ್ರಿ?"

"ಅಲ್ರಿ."

ಗುಳ್ಳೆ ಒಡೆದು ಪಟ್ಟಿ ಕಟ್ಟುವಾಗ ಅಳದಿದ್ದವಳು ಆಗ ಅತ್ತಳು. ನಾಲ್ಕು ದಿನದಿಂದ ಮನೆಯವರು, ಓಣಿಯವರು ಅವಳಿಗೇ ಬೈಯುತ್ತಿದ್ದರಂತೆ. ಕಣ್ಣೊರೆಸಿಕೊಳ್ಳಲು ಅವಳಿಗೆ ಕೈ ಇರಲಿಲ್ಲ. ತಾಯಿ ಬೈಗುಳ ನಿಲ್ಲಿಸಿ, ಸೆರಗಿನಿಂದ ಮಗಳ ಮುಖ ಒರೆಸಿದಳು.

ವಾಪಸ್ಸು ಬರುವ ಬಸ್ಸಿನಲ್ಲಿ ನಾನು ತಡೆಯಲಾರದೆ ಹೇಳಿದೆ. "ಅಷ್ಟು ಜನರ ಮುಂದ ನನ್ನ ಮಾನ ಕಳದ್ರಿ."

"ನಿನ್ನ ಮಾನ ಅಳಿಯೋ ಮೀಟರ್ ನನ್ನ ಹಂತ್ಯಾಕ ಇಲ್ಲ," ಎಂದರು. ಮಕ್ತಲ್ ಬಂತು. ಇಳಿದು ಹೋದರು, ತಿರುಗಿ ನೋಡಲಿಲ್ಲ.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ. ಗದ್ವಾಲಿಗೆ ಹೋದ ವಿಷಯ ಡಾಕ್ಟರಮ್ಮನಿಗೆ ಗೊತ್ತಾಯಿತು. ನನ್ನನ್ನು ಕರೆದು, ಯಾರು ಹೋಗಲು ಹೇಳಿದ್ದು ಎಂದು ಕೇಳಿದರು. "ದೊಡ್ಡ ಸಿಸ್ಟರ್ ಎಳಕೊಂಡು ಹೋದ್ರು. ನಾ ಒಲ್ಲೆ ಅಂದಿದ್ದೆ," ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಹೋದದ್ದು ಸರಿಯೇ ಆಗಿತ್ತು ಎಂದು ನಾನು ಹೇಳಲಿಲ್ಲ. ಆ ವಾರವೇ ಅವರನ್ನು ಕೆಲಸದಿಂದ ಬಿಡಿಸಿದರು. ಅವರು ಜಗಳವಾಡಲಿಲ್ಲ, ಪುಸ್ತಕ, ಮೀಟರು, ರಟ್ಟು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ ಇಟ್ಟು, ಮಧ್ಯಾಹ್ನದ ಬಸ್ಸಿಗೆ ಹೋದರು. ಲೈಟ್ ರೂಮು ನನ್ನದಾಯಿತು. ಎರಡು ದಿನ ಸಂತೋಷವಾಗಿದ್ದೆ.

ಆ ಹೆಂಗಸಿನ ಕೈ ವಾಸಿಯಾಗಲು ಒಂದು ತಿಂಗಳ ಮೇಲಾಯಿತು. ಅಷ್ಟು ದಿನ ಮಗ್ಗ ನಿಂತಿತ್ತು. ಆಮೇಲೆ ಅವಳು ಮತ್ತೆ ಬಂದಳು. ಯಾಕೆ ಬಂದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಅವಳೇ ಹೇಳಿದಳು. "ಮನೀತನಕ ಬಂದು ಖರೆ ಹೇಳೀರಿ. ಬ್ಯಾರೆ ಕಡಿ ಹೋದ್ರ ಯಾರು ಹೇಳ್ತಾರಂತ ಏನು ಭರೋಸಾ?" ಹಾಗೆಂದಳೇ ಹೊರತು, ನಾನು ಅಳತೆ ತೆಗೆಯುವಾಗ ಬಾಗಿಲಲ್ಲಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಈಗಲೂ ನೋಡುತ್ತಾಳೆ. ನಾನು ಐದು ನಿಮಿಷ ಕಾಯುತ್ತೇನೆ, ಸೊನ್ನೆ ನೋಡುತ್ತೇನೆ, ಮೂರು ಮೂರು ಸಲ ಓದುತ್ತೇನೆ. ಆ ದಿನದ ನಂತರ ನನ್ನ ಕೈಯಿಂದ ಯಾರ ಮೈಯೂ ಸುಟ್ಟಿಲ್ಲ.

ಮಕ್ತಲ್ ಒಂದು ಗಂಟೆಯ ದಾರಿ. ಎಷ್ಟೋ ಸಲ ಬಸ್ಸಿನಲ್ಲಿ ಆ ಊರನ್ನು ಹಾದು ಹೋದೆ, ಇಳಿಯಲಿಲ್ಲ. ಈ ವರ್ಷ ಮಕ್ತಲ್‌ನ ರೋಗಿಯೊಬ್ಬರು ಮಾತಿನ ನಡುವೆ, ನಿಮ್ಮಲ್ಲಿದ್ದ ಆ ಸಿಸ್ಟರ್ ತೀರಿಹೋಗಿ ಮೂರು ತಿಂಗಳಾಯಿತಲ್ಲ ಎಂದರು. ನನಗೆ ಅಳು ಬರಲಿಲ್ಲ. ಆ ಭಾನುವಾರ ಹೋದೆ.

ಅವರ ತಮ್ಮ ಮನೆಯಲ್ಲಿದ್ದರು. ಚಹಾ ಮಾಡಿಸಿದರು. ಕೆಲಸ ಬಿಟ್ಟು ಬಂದ ಮೇಲೆ ಅಕ್ಕ ಎರಡು ಎಮ್ಮೆ ಕಟ್ಟಿದ್ದರಂತೆ. "ಡೇರಿಗೆ ಹಾಲು ಹಾಕಾಕ ಹೋದಲ್ಲಿ ದಿನಾ ಜಗಳ್ರಿ. ನಿಮ್ಮ ಮಿಷೀನು ಬರೋಬರಿ ಇಲ್ಲ, ಇನ್ನೊಮ್ಮಿ ನೋಡ್ರಿ ಅಂತ. ಕಡೀಕ ಅವರು ಇಕಿ ಬಂದ್ರ ಎದ್ದು ಒಳಗ ಹೋಗ್ತಿದ್ರು."

ನಾನು ಕೇಳಿದೆ, "ನನ್ನ ಬಗ್ಗೆ ಏನರ ಹೇಳ್ತಿದ್ರೇನ್ರಿ?"

ಅವರು ನಿಜವಾಗಿ ನೆನಪಿಸಿಕೊಳ್ಳಲು ನೋಡಿದರು. "ಇಲ್ರಿ. ಒಂದು ದಿನಾನೂ ಹೇಳಿದ್ದಿಲ್ಲ."

ಬೈದಿದ್ದರೂ ಆಗುತ್ತಿತ್ತು ಎನಿಸಿತು. ಆಗ ನಾನು ಎಲ್ಲವನ್ನೂ ಹೇಳಿದೆ: ಚಾಡಿ ಹೇಳಿದ್ದು, ಚಾವಿಗಾಗಿ ಒಪ್ಪಿಕೊಂಡದ್ದು, ಸುಟ್ಟ ಕೈ, ಗದ್ವಾಲು, ಡಾಕ್ಟರಮ್ಮನ ಮುಂದೆ ನಾನಾಡಿದ ಮಾತು. ಅವರನ್ನು ಬಿಡಿಸಿದ್ದು ಆ ಮಾತಿನಿಂದ ಎಂದೂ ಹೇಳಿದೆ. ಎಲ್ಲೂ ಮುಚ್ಚದೆ, ಮೊದಲಿಂದ ಹೇಳಿದೆ.

ಅವರು ಕೊನೆಯವರೆಗೆ ಕೇಳಿಸಿಕೊಂಡರು. ಆಮೇಲೆ, ಸಿಟ್ಟೇನೂ ಇಲ್ಲದೆ, "ಇದನ್ನ ನನಗ ಯಾಕ ಹೇಳ್ತೀರಿ?" ಎಂದರು. "ಮೂರು ತಿಂಗಳ ಹಿಂದ ಬಂದಿದ್ರ ಅಕಿ ಈ ಕಟ್ಟಿ ಮ್ಯಾಲೇ ಕೂತಿರ್ತಿದ್ಲು."

ಎಮ್ಮೆಗೆ ಮೇವು ಹಾಕುವ ಹೊತ್ತಾಯಿತೆಂದು ಎದ್ದರು. ನಾನು ಚಹಾ ಮುಗಿಸಿ, ಬಟ್ಟಲನ್ನು ನಾನೇ ತೊಳೆದಿಟ್ಟು, ಬಸ್ಸಿಗೆ ನಡೆದೆ.